ಎರಡು ಮೊಳ ನೀರು

ನಮ್ಮ ದಾರಿಯಲ್ಲಿ ವಾಹನ ಇಲ್ಲ ಅಂತ ಪುತ್ತೂರಿನ ಸೈಕಲ್‌ನವರಿಗೆ ಭಾರೀ ಖುಷಿ. ಭಾನುವಾರ ಬೆಳಿಗ್ಗೆ ಕುಂಬ್ರದಲ್ಲಿ ಒಟ್ಟಾಗಿ, ಮರ್ಕಂಜದ ಗುಡ್ಡೆ ಹತ್ತಿ, ಬಣ್ಣ ಬಣ್ಣದ ಬಿಗಿ ಚಡ್ಡಿಯಲ್ಲಿ ನನ್ನ ಅಂಗಳಕ್ಕೆ ಬಂದು ನಿಲ್ಲುದು. "ಎಂತ ಶಾಂತಿ ಕಮಲಕ್ಕ! ಒಂದು ಹಾರ್ನ್ ಇಲ್ಲ, ಹೊಗೆ ಇಲ್ಲ!" ಅಂತ ಹೊಗಳುದು. ನಾನು ಮಜ್ಜಿಗೆ ಕೊಡುದು. ಶಾಂತಿ ಎಂತ ಆಕಾಶದಿಂದ ಉದುರಿತಾ ಮಾರಾಯ್ರೆ? ಅದನ್ನು ಮಾಡಿದವಳು ನಾನು.

ಹೇಗೆ ಅಂತ ಕೇಳಿ. ದಾರಿ ನಮ್ಮ ಅಂಗಳ ದಾಟಿ, ಹಳ್ಳದಂಥ ತೋಡಿನ ಬದಿಯಲ್ಲೇ ಹೋಗಿ, ಒಂದು ತಗ್ಗು ಇಳಿದು, ಮತ್ತೆ ಗುಡ್ಡೆ ಹತ್ತುತ್ತದೆ. ಅಲ್ಲಿ ಮೇಲೆ ಇರುದು ಚನಿಯಪ್ಪನ ಮನೆ. ತನ್ನ ಅಪ್ಪನ ಕಾಲದಿಂದಲೂ ನಮ್ಮಲ್ಲೇ ಕೆಲಸಕ್ಕೆ ಬರುವವನು. ಏಳು ವರ್ಷದ ಹಿಂದೆ ಅವನಿಗೆ ಒಂದು ಆಸೆ ಹುಟ್ಟಿತು, ಮನೆ ಬಾಗಿಲಿಗೆ ಜೀಪು ಬರಬೇಕಂತೆ. ನನ್ನ ಗಂಡ ತ್ಯಾಂಪಣ್ಣನವರು ಬೆಣ್ಣೆಯಂಥ ಮನುಷ್ಯ. "ಬಿಡುವ ಕಮಲಾವತಿ, ಪಾಪ" ಅಂದ್ರು. ಪಾಪ ಅಂತೆ! ಸಲಿಗೆ ಕೊಟ್ಟ ನಾಯಿ ಮುಖ ನೆಕ್ಕಿತಂತೆ. ನಾನು ಬಿಡಲಿಲ್ಲ. ಕೊನೆಗೆ ದೈವದ ಚಾವಡಿಯಲ್ಲಿ ಹಿರಿಯರು ಕೂತು ತೀರ್ಮಾನ ಮಾಡಿದರು. ನಮ್ಮ ಅಂಗಳದಿಂದ ಆಚೆ ಎಂಜಿನ್ ಗಾಡಿ ಹೋಗಬಾರದು. ನಡೆಯುವವರನ್ನು, ಸೈಕಲ್‌ನವರನ್ನು ಯಾರೂ ತಡೆಯಬಾರದು. ನಾನು ದೈವದ ಎದುರು ಕೈ ಮುಗಿದು ಒಪ್ಪಿದೆ. ಆ ಏರಿನಲ್ಲಿ ಆಡಿಗೂ ಉಬ್ಬಸ ಬರ್ತದೆ, ಸೈಕಲ್ ಅಂತೆ ಸೈಕಲ್ ಅಂತ ಒಳಗೊಳಗೇ ನಕ್ಕಿದ್ದೆ.

ಈ ಸೈಕಲ್‌ನವರು ಬರುವ ಇನ್ನೊಂದು ಕಾರಣ ನಮ್ಮ ನೀರು. ಪ್ರತಿ ವರ್ಷ ದಶಂಬರದಲ್ಲಿ ತೋಡಿಗೆ ಅಡ್ಡವಾಗಿ ಕಲ್ಲು, ಮಣ್ಣು, ಅಡಿಕೆಮರದ ತುಂಡು ಎಲ್ಲ ಹಾಕಿ ಕಟ್ಟ ಕಟ್ಟುತ್ತೇವೆ. ಬೇಸಗೆಗೆ ತೋಟಕ್ಕೆ ನೀರು ಬೇಕಲ್ಲ. ಕಟ್ಟದ ಹಿಂದೆ ನೀರು ನಿಂತು ದೊಡ್ಡ ಕೆರೆಯ ಹಾಗೆ ತಗ್ಗಿನವರೆಗೆ ಹರಡುತ್ತದೆ. ಸುತ್ತ ಗುಡ್ಡೆ, ಮೇಲೆ ಮಂಜು. ಅವರು ಸೈಕಲ್ಲನ್ನು ನೀರಿನ ಹತ್ತಿರ ಒರಗಿಸಿ ಫೋಟೋ ತೆಗೆಯುದೇ ತೆಗೆಯುದು. ಆ ಕಟ್ಟ ಕಟ್ಟುವುದರಲ್ಲಿ ಚನಿಯಪ್ಪನನ್ನು ಮೀರಿಸಿದವರು ಈ ಊರಲ್ಲಿ ಇಲ್ಲ, ಅದನ್ನು ನಾನು ಒಪ್ಪುತ್ತೇನೆ.

ಕಳೆದ ನವಂಬರದಲ್ಲಿ ನನ್ನ ಮಗ ದಿಶಾಂತ್ ಕೂಡ ಒಂದು ಗೇರ್ ಸೈಕಲ್ ತಂದ. ಹೊಸ ಟೊಪ್ಪಿ, ಕಪ್ಪು ಕನ್ನಡಕ, ಎಲ್ಲ ಆಯ್ತು. ಭಾನುವಾರ ಅವರ ಒಟ್ಟಿಗೆ ಗುಡ್ಡೆ ಹತ್ತಲು ಹೊರಟ. ನಾನೂ ನೋಡಲಿಕ್ಕೆ ತಗ್ಗಿನವರೆಗೆ ಹೋದೆ. ಅರ್ಧ ಏರಿನಲ್ಲಿ ಮಗನಿಗೆ ಏದುಸಿರು, ಇಳಿದು ಮೋರಿಯ ಮೇಲೆ ಕೂತು ವಾಂತಿ. ಆಗ ಕೆಳಗಿಂದ ಚನಿಯಪ್ಪನ ಮಗಳು ಭವಿತಾ ಬಂದಳು. ಅವಳ ಅಣ್ಣನಿಗೆ ಹೈಸ್ಕೂಲಿನಲ್ಲಿ ಸರಕಾರ ಕೊಟ್ಟಿದ್ದ ಹಳೇ ಸೈಕಲ್, ಹಿಂದೆ ಅಕ್ಕಿ ಚೀಲ, ಕಾಲಲ್ಲಿ ಹವಾಯಿ ಚಪ್ಪಲಿ. ಟಿಣ್ ಟಿಣ್ ಬೆಲ್ ಹೊಡೆದು ಎಲ್ಲರನ್ನೂ ದಾಟಿ ಹೋದಳು. ಸೀಟಿನಿಂದ ಏಳಲೂ ಇಲ್ಲ.

ಅವರೆಲ್ಲ ಚಪ್ಪಾಳೆ ಹೊಡೆದರು. ಒಬ್ಬ ನನ್ನ ಮಗನ ಬೆನ್ನು ತಟ್ಟಿ, "ಎಂತ ಮಾರಾಯ, ನಿಮ್ಮ ಕೆಲಸದವರ ಹುಡುಗಿ ನಿನ್ನನ್ನು ಹಿಂದೆ ಹಾಕಿದಳಲ್ಲ!" ಅಂತ ನಕ್ಕ. ದಿಶಾಂತ್ ಆ ಸೈಕಲ್ ಮತ್ತೆ ಮುಟ್ಟಲಿಲ್ಲ. ನನ್ನ ಹೊಟ್ಟೆಗೆ ಬೆಂಕಿ ಬಿದ್ದದ್ದು ಆವತ್ತು. ಮುಚ್ಚುಮರೆ ಎಂತಕ್ಕೆ?

ಆ ಗುಂಪಿನ ಯಜಮಾನ್ತಿ ಸುಪ್ರಿತಾ, ಪುತ್ತೂರಿನಲ್ಲಿ ಹಲ್ಲಿನ ಡಾಕ್ಟರ್. ಅವಳು ಭವಿತಾಳನ್ನು ಹಿಡಿದುಕೊಂಡಳು. ತನ್ನದೇ ಒಳ್ಳೆ ಸೈಕಲ್ ಕೊಟ್ಟು ಎರಡು ತಿಂಗಳು ಅಭ್ಯಾಸ ಮಾಡಿಸಿದಳು. ಜನವರಿಯ ಕೊನೆಯ ಭಾನುವಾರ ಎಂಟು ಗಂಟೆಗೆ ಕಡಬದ ಹತ್ತಿರ ಆಯ್ಕೆಯ ಓಟ ಉಂಟಂತೆ. ಗೆದ್ದರೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು, ಊಟ, ಓದು ಎಲ್ಲ ಅವರದ್ದೇ. ಹದಿನೆಂಟು ತುಂಬಿದವರಿಗೆ ಇಲ್ಲ. ಹುಡುಗಿಗೆ ಮಾರ್ಚಿಯಲ್ಲಿ ಹದಿನೆಂಟು. "ಇದೊಂದೇ ಅವಕಾಶ ಆಂಟಿ, ಇವಳು ಗ್ಯಾರಂಟಿ ಹೋಗ್ತಾಳೆ" ಅಂತ ಸುಪ್ರಿತಾ ನನ್ನ ಜಗಲಿಯಲ್ಲೇ ಕೂತು, ನನ್ನ ಮಜ್ಜಿಗೆ ಕುಡಿಯುತ್ತಾ ಹೇಳಿದಳು. ನಾನೂ ನಕ್ಕು, "ಒಳ್ಳೇದಾಗಲಿ" ಅಂದೆ.

ದೈವದ ಮಾತು ಮೀರುವವಳಲ್ಲ ನಾನು. ಸೈಕಲ್ ತಡೆಯಬಾರದು, ತಡೆಯಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಗುರುವಾರ ಬೆಳಿಗ್ಗೆ ಚನಿಯಪ್ಪನನ್ನು ಕರೆದು, "ಕಟ್ಟವನ್ನು ಎರಡು ಮೊಳ ಏರಿಸು" ಅಂದೆ.

ಅವನು ಹಾರೆ ಹಿಡಿದು ನಿಂತ. "ಅಮ್ಮ, ಅಷ್ಟು ಏರಿಸಿದರೆ ತಗ್ಗಿನ ದಾರಿ ಮುಳುಗ್ತದೆ."

"ಮುಳುಗಲಿ. ತೋಟಕ್ಕೆ ನೀರು ಸಾಲುದಿಲ್ಲ."

"ಭಾನುವಾರ ಮಗಳಿಗೆ ಕಡಬಕ್ಕೆ ಹೋಗ್ಲಿಕ್ಕೆ ಉಂಟಲ್ಲಮ್ಮ. ಸೋಮವಾರ ಏರಿಸಿದರೆ..."

"ಸೋಮವಾರ ಬೇಕಾದರೆ ಇಳಿಸು. ಈಗ ಏರಿಸು."

ಅವನು ಅಲುಗಲಿಲ್ಲ. ಅಷ್ಟು ವರ್ಷದಲ್ಲಿ ಅವನು ಹಾಗೆ ನಿಂತದ್ದು ಅದೇ ಮೊದಲು. ನಾನು ಮೆಲ್ಲ ಕೇಳಿದೆ, "ಚನಿಯಪ್ಪ, ನಿನ್ನ ಮನೆಗೆ ಕುಡಿಯುವ ನೀರು ಎಲ್ಲಿಂದ ಬರುದು?" ನಮ್ಮ ಗುಡ್ಡೆ ಕೊರೆದು ಮಾಡಿದ ಸುರಂಗದಿಂದ ಅವನ ಮನೆಗೆ ಒಂದು ಪೈಪು ಹೋಗ್ತದೆ. ಪೈಪಿನ ವಿಷಯ ದೈವದ ಎದುರು ಯಾರೂ ಮಾತಾಡಿರಲಿಲ್ಲ. ಅವನು ಬಗ್ಗಿ ಮಣ್ಣು ಅಗೆಯಲು ಶುರು ಮಾಡಿದ. ಸಂಜೆಯವರೆಗೆ ಒಬ್ಬನೇ ಏರಿಸಿದ. ಒಂದು ಹನಿ ಸೋರುದಿಲ್ಲ, ಅಂಥ ಕೆಲಸ! ಶನಿವಾರ ಕತ್ತಲಾಗುವಾಗ ನೀರು ದಾರಿಗೆ ಹತ್ತಿತು.

ಭಾನುವಾರ ಆರು ಗಂಟೆಗೆ ಚನಿಯಪ್ಪ ಸೊಂಟದವರೆಗೆ ಒದ್ದೆಯಾಗಿ ಅಂಗಳಕ್ಕೆ ಬಂದ. ಮೈ ನಡುಗುತ್ತಾ ಇತ್ತು. "ಅಮ್ಮ, ಡಾಕ್ಟರ ಸೈಕಲ್ಲಿಗೆ ನೀರು ತಾಗಬಾರದು ಅಂತ ಅವಳು ಮೇಲಿನ ಕಾಡಿನ ದಾರಿಯಲ್ಲಿ ಸುತ್ತಿ ಬರ್ತಾ ಇದ್ದಾಳೆ. ಹೆಗಲ ಮೇಲೆ ಹೊತ್ತುಕೊಂಡು. ಒಂದರ್ಧ ಗಂಟೆ ಆಗ್ತದೆ. ಡಾಕ್ಟರು ಇಲ್ಲಿಗೆ ವ್ಯಾನು ತರ್ತಾರಲ್ಲ, ಸ್ವಲ್ಪ ನಿಲ್ಲಿ ಅಂತ ಅವರಿಗೆ ಹೇಳ್ಲಿಕ್ಕೆ ನಾನು ನೀರಿನಲ್ಲೇ ಮುಂದೆ ಬಂದೆ."

ನಿಜ ಹೇಳ್ತೇನೆ, ಆಗ ನನಗೆ ತಡೆಯಲಾರದ ಸಿಟ್ಟು ಬಂತು. ಎರಡು ಮೊಳ ನೀರು ನಿಲ್ಲಿಸಿದರೂ ಬರ್ತಾಳಂತೆ! ಎಂತ ಗರ್ವ!

"ನಿಲ್ಲಿ ಅಂತ ನೀನು ಹೇಳಬೇಡ" ಅಂದೆ. "ಮಗಳು ಬರುದಿಲ್ಲ ಅಂತ ಹೇಳು. ಇಲ್ಲದಿದ್ದರೆ ನಾಳೆಯಿಂದ ಸೇವಂತಿ ಕೊಡ ಹಿಡಿದುಕೊಂಡು ಹೊಳೆಗೆ ಇಳಿಯಲಿ." ಸೇವಂತಿ ಅಂದರೆ ಅವನ ಹೆಂಡತಿ. ಎರಡು ಮೊಣಗಂಟೂ ಹೋಗಿ ಮೆಟ್ಟಿಲು ಇಳಿಯಲಾರದವಳು.

ಆರೂಕಾಲಕ್ಕೆ ಸುಪ್ರಿತಾಳ ವ್ಯಾನು ಬಂತು. ಒಳಗೆ ಇನ್ನಿಬ್ಬರು ಹುಡುಗಿಯರು. ಅವಳು ಇಳಿದು ತಗ್ಗಿನ ಕಡೆ ನೋಡಿ, "ಅಯ್ಯೋ ಆಂಟಿ, ದಾರಿಯವರೆಗೂ ಕೆರೆ! ಎಷ್ಟು ಚಂದ ಕಾಣ್ತದೆ!" ಅಂದಳು. ಫೋಟೋವನ್ನೂ ತೆಗೆದಳು. ಮತ್ತೆ ವಾಚು ನೋಡಿದಳು. "ಭವಿತಾ ಎಲ್ಲಿ? ಆರೂವರೆಗೆ ಹೊರಡದಿದ್ದರೆ ಮುಟ್ಟುದಿಲ್ಲ. ಫೋನಿಗೆ ರೇಂಜೂ ಇಲ್ಲ ಇಲ್ಲಿ."

ನಾನು ಚನಿಯಪ್ಪನ ಕಡೆ ನೋಡಿದೆ, ಅಷ್ಟೇ.

"ಅವಳು ಬರುದಿಲ್ಲ ಮೇಡಂ" ಅಂದ ಅವನು.

"ಬರುದಿಲ್ಲವಾ? ಯಾಕೆ? ನಿನ್ನೆ ಕೂಡ ಮಾತಾಡಿದ್ದಾಳಲ್ಲ!"

"ಬೇಡ ಅಂದಳು."

"ನೀವು ಬೇಡ ಅಂದದ್ದಾ, ಅವಳಾ?"

"ಅವಳೇ." ಅವನು ಒದ್ದೆ ಪಂಚೆ ಹಿಂಡಿದ. "ಸೈಕಲ್ ನಾಳೆ ತಂದು ಕೊಡ್ತೇನೆ ಮೇಡಂ."

ಸುಪ್ರಿತಾಳ ಮುಖ ಕೆಂಪಾಯ್ತು. ಎರಡು ತಿಂಗಳ ಶ್ರಮ, ಯಾರಿಗಾದರೂ ಸಿಟ್ಟು ಬರ್ತದೆ. "ಇಂಥವರಿಗೆ ಉಪಕಾರ ಮಾಡಬಾರದು ಆಂಟಿ" ಅಂತ ನನ್ನ ಹತ್ತಿರ ಹೇಳಿ ವ್ಯಾನು ಹತ್ತಿದಳು. ನಾನು ತಲೆ ಆಡಿಸಿದೆ.

ವ್ಯಾನಿನ ಸದ್ದು ಅಡಗಿ ಹತ್ತು ನಿಮಿಷ ಆಗಿರಬೇಕು. ಹುಡುಗಿ ಕೊಟ್ಟಿಗೆಯ ಹಿಂದಿನ ಗುಡ್ಡೆಯಿಂದ ಜಾರುತ್ತಾ ಇಳಿದಳು. ಕೈಗೆಲ್ಲ ಮುಳ್ಳು ಗೀರಿ ರಕ್ತ, ಹೆಗಲ ಮೇಲೆ ಸೈಕಲ್. ಸೈಕಲ್ಲಿಗೆ ಒಂದು ಗೀರು ಇರಲಿಲ್ಲ. "ಅಪ್ಪ, ಮೇಡಂ ಬಂದ್ರಾ?" ಅಂತ ದೂರದಿಂದಲೇ ಕೂಗಿದಳು.

ಚನಿಯಪ್ಪ ನನ್ನನ್ನು ನೋಡಿದ. ನನ್ನ ಹೆಸರು ಹೇಳ್ತಾನೆ ಅಂತ ನಾನು ಉತ್ತರ ಸಿದ್ಧ ಮಾಡಿ ಇಟ್ಟುಕೊಂಡಿದ್ದೆ. ಆದರೆ ನನ್ನ ಹೆಸರು ಹೇಳಿದರೆ ಮಗಳು ಸುಮ್ಮನಿರುವವಳಲ್ಲ, ಪೈಪು ಉಳಿಯುದಿಲ್ಲ. ಅದು ಅವನಿಗೂ ಗೊತ್ತು.

"ಬಂದಿದ್ರು. ನಾನೇ ಕಳಿಸಿದೆ" ಅಂದ. "ನೀನು ಬರುದಿಲ್ಲ ಅಂತ ಹೇಳಿದೆ."

ಅವಳಿಗೆ ಅರ್ಥ ಆಗಲಿಲ್ಲ. ಸೈಕಲ್ಲನ್ನು ಮೆಲ್ಲ ಇಳಿಸಿ ಗೋಡೆಗೆ ಒರಗಿಸಿದಳು. "ಯಾಕಪ್ಪ?" ಅಂದಳು.

"ಬೇಡ ಅಂತ ಕಂಡಿತು."

"ಯಾಕಪ್ಪ?" ಅಂತ ಮತ್ತೊಮ್ಮೆ ಕೇಳಿದಳು. ಅವಳು ಅಲ್ಲೇ ಮೆಟ್ಟಿಲಿನ ಮೇಲೆ ಕುಸಿದು, ಸಣ್ಣ ಮಕ್ಕಳ ಹಾಗೆ ದೊಡ್ಡಕ್ಕೆ ಅತ್ತಳು. ನಾನೇ ಹೋಗಿ ಮಜ್ಜಿಗೆ ಕೊಟ್ಟೆ, ಬೆನ್ನು ನೀವಿದೆ. "ನೀವಾದರೂ ಹೇಳಬಾರದಿತ್ತಾ ಅಮ್ಮ?" ಅಂದಳು. "ಹೆತ್ತ ಅಪ್ಪನೇ ಹಾಗೆ ಹೇಳುವಾಗ ನಾನು ಎಂತ ಹೇಳುದು ಮಗಾ?" ಅಂದೆ.

ಸೋಮವಾರ ಚನಿಯಪ್ಪ ಕಟ್ಟವನ್ನು ಎರಡು ಮೊಳ ಇಳಿಸಿದ. ಸಂಜೆಗೆ ದಾರಿ ತೆರೆಯಿತು. ಸುಪ್ರಿತಾಳ ಸೈಕಲ್ಲನ್ನೂ ಅವನೇ ಬಸ್ಸಿನ ಮೇಲೆ ಹಾಕಿ ಪುತ್ತೂರಿಗೆ ಮುಟ್ಟಿಸಿ ಬಂದ. ಅವಳು ಆ ಮೇಲೆ ಭವಿತಾಳ ಫೋನು ಎತ್ತಲಿಲ್ಲ ಅಂತ ಕೇಳಿದೆ.

ಈಗ ಹುಡುಗಿಗೆ ಹದಿನೆಂಟು ತುಂಬಿತು. ನಮ್ಮಲ್ಲಿಗೇ ಕೆಲಸಕ್ಕೆ ಬರ್ತಾಳೆ. ಒಳ್ಳೆ ಚುರುಕು. ಅಡುಗೆ ಕೋಣೆಯಲ್ಲಿ ನನ್ನ ಹತ್ತಿರ ದಿನವಿಡೀ ಮಾತು, ಮನೆಯ ಸುಖದುಃಖ ಎಲ್ಲ ನನಗೇ ಹೇಳುದು. ಅಪ್ಪನ ಹತ್ತಿರ ಮಾತ್ರ ಒಂದು ಶಬ್ದ ಇಲ್ಲ, ಆವತ್ತಿನಿಂದ. ಗೆದ್ದ ಖುಷಿ ನನಗೆ ಉಂಟು, ಇಲ್ಲ ಅಂತ ಹೇಳುದಿಲ್ಲ. ಮಧ್ಯಾಹ್ನ ಕೆಲಸದವರಿಗೆಲ್ಲ ಊಟ ಬಡಿಸುದು ಅವಳೇ. ಚನಿಯಪ್ಪನ ಬಟ್ಟಲಿನ ಎದುರು ಬಂದಾಗ ಸೌಟು ಕೆಳಗಿಟ್ಟು ಒಳಗೆ ಹೋಗ್ತಾಳೆ. ಅವನು ತಲೆ ಎತ್ತುದಿಲ್ಲ. ಅವನಿಗೆ ಅನ್ನ ನಾನೇ ಬಡಿಸುದು.