ಬೀಗರಿಗಿಂತ ಮೇಲಿನ ಬೋರ್ಡು

ಹೊಸಬಾಳೆಯ ಪುಟ್ಟಪ್ಪನವರು ಮಗಳ ಮದುವೆಯ ವಿಡಿಯೋ ಒಪ್ಪಿಸಲು ಶಿಕಾರಿಪುರದ ತನಕ ಬಂದವರು, ಗೋಡೆಯ ಟಿವಿಯಲ್ಲಿ ನಾಗಶ್ರೀ ಹಾಕಿದ್ದ ಮಾದರಿ ಮದುವೆಯನ್ನು ನೋಡಲೇ ಇಲ್ಲ. ಧಾರೆಯ ನೀರನ್ನು ಅವಳು ಎಷ್ಟು ನಿಧಾನಗೊಳಿಸಿ, ಎಷ್ಟು ಹದವಾಗಿ ವಾಲಗದ ಏಟಿಗೆ ಕೂಡಿಸಿದ್ದಳೋ ಅದೆಲ್ಲ ಅವರ ಬೆನ್ನ ಹಿಂದೆ ಆಗಿಹೋಯಿತು. ಅವರು ಮಂಡಿಯ ಮೇಲೆ ಕೈಯೂರಿ ಮೇಜಿನ ಕೆಳಗೆ ಬಗ್ಗಿದ್ದರು. ಅಲ್ಲಿ ಆರು ವರ್ಷದ ತಗಡಿನ ಡಬ್ಬಿಯೊಂದು ಒರೆಸುವ ಬಟ್ಟೆ ಹೊದ್ದುಕೊಂಡು ತನ್ನ ಪಾಡಿಗೆ ಗುಂಯ್‌ಗುಡುತ್ತಿತ್ತು.

“ಇದೇನಾ ನಿಮ್ ಕಂಪ್ಯೂಟ್ರು?”

“ಹೌದ್ರಿ.”

“ಒಳಗಿರೋ ಬೋರ್ಡು ಎಷ್ಟಿಂದು?”

ಬಿ.ಎಸ್ಸಿ. ಮುಗಿಸಿ, ಗಂಡ ತಿಪ್ಪೇಶ ತೆಗೆದ ಮದುವೆಗಳನ್ನು ಹನ್ನೊಂದು ವರ್ಷದಿಂದ ಕತ್ತರಿಸಿ ಜೋಡಿಸುತ್ತ ಬಂದವಳು ನಾಗಶ್ರೀ. ಮಾತನ್ನೂ ಹಾಗೆಯೇ ಕತ್ತರಿಸಿ ಜೋಡಿಸಿದ ಮೇಲೆಯೇ ಹೊರಗೆ ಬಿಡುತ್ತಿದ್ದಳು. ಮದರ್‌ಬೋರ್ಡಿನ ಬೆಲೆ ಕೇಳಿದ ಗಿರಾಕಿಗಳಲ್ಲಿ ಪುಟ್ಟಪ್ಪನವರು ಈ ವರ್ಷ ನಾಲ್ಕನೆಯವರು. ಮೊದಲ ಮೂವರು ಉತ್ತರ ಕೇಳಿಕೊಂಡು ಸೀದಾ ಸೊರಬದ ಬಸ್ಸು ಹತ್ತಿದ್ದರು.

“ಕೆಲಸಕ್ಕೆ ತಕ್ಕಂಥದ್ದು ಐತ್ರಿ,” ಎಂದಳು.

“ತಕ್ಕಂಥದ್ದು ಅಂದ್ರೆ ಕಡಿಮೇದು ಅಂತಾಯ್ತು.” ಪುಟ್ಟಪ್ಪ ಎದ್ದು ಬೆನ್ನು ನೆಟ್ಟಗೆ ಮಾಡಿಕೊಂಡರು. “ತಪ್ಪು ತಿಳ್ಕಬೇಡ ತಂಗಿ. ಗಂಡಿನ ಕಡೆಯೋರು, ಜಡೆ ಊರಿನೋರು, ಸೊರಬದ ಚಿದಂಬರನ್ನ ಒಪ್ಸಿದಾರೆ. ಅವಂದು ಅರವತ್ತೆರಡು ಸಾವಿರದ ಬೋರ್ಡು. ನಾವು ಅದಕ್ಕಿಂತ ಕಡಿಮೆ ಬೋರ್ಡಲ್ಲಿ ಮದುವೆ ತೆಗ್ಸಿದ್ರೆ ಬೀಗರ ಮುಂದೆ ಓಡಾಡೋದು ಹ್ಯಾಗೆ? ಯೋಚ್ನೆ ಮಾಡಿ ಸೋಮವಾರ ಬರ್ತೀನಿ.”

ಆ ಕಡೆಯ ಮದುವೆಗಳಲ್ಲಿ ಹೆಣ್ಣಿನವರೂ ಗಂಡಿನವರೂ ತಮ್ಮ ತಮ್ಮ ವಿಡಿಯೋದವರನ್ನು ಬೇರೆ ಬೇರೆ ಕರೆತರುವುದು ರೂಢಿ. ಒಂದೇ ತಾಳಿಯನ್ನು ಇಬ್ಬರು ಎರಡು ಮಗ್ಗುಲಿಂದ ತೆಗೆಯುತ್ತಾರೆ, ತಾಳಿ ಕಾಣಬೇಕಾದ ನೆಂಟರಿಗೆ ಇಬ್ಬರ ಬೆನ್ನು ಕಾಣುತ್ತದೆ. ಮೊದಲು ಬೀಗರ ಪೈಪೋಟಿ ಹೋಳಿಗೆಯ ತುಪ್ಪದಲ್ಲಿ, ಬಾಗಿಲಲ್ಲಿ ನಿಂತ ಕಾರುಗಳಲ್ಲಿ ಮುಗಿಯುತ್ತಿತ್ತು. ಈ ವರ್ಷ ಅದು ಕಂಪ್ಯೂಟರಿನ ಹೊಟ್ಟೆಯೊಳಕ್ಕೆ ಇಳಿದಿತ್ತು. ಇಳಿಸಿದವನು ಚಿದಂಬರ. ಗಾಜಿನ ಪೆಟ್ಟಿಗೆಯೊಳಗೆ ಏಳು ಬಣ್ಣದಲ್ಲಿ ಉಸಿರಾಡುವ ಬೋರ್ಡನ್ನು ತನ್ನ ಸ್ಟುಡಿಯೋದಲ್ಲಿ ರಸ್ತೆಗೆ ಮುಖಮಾಡಿ ಕೂರಿಸಿ, ಅದರ ಬಿಲ್ಲನ್ನು ಲ್ಯಾಮಿನೇಟ್ ಮಾಡಿಸಿ ಮೇಲೆ ತೂಗುಹಾಕಿದ್ದ.

ಪುಟ್ಟಪ್ಪ ಹೋದ ಮೇಲೆ ತಿಪ್ಪೇಶ ಕ್ಯಾಮೆರಾದ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತ ಕೂತ.

“ಅವ್ರ ಅಣ್ತಮ್ಮಂದ್ರ ಮನ್ಯಾಗೆ ಇನ್ನೂ ಮೂರು ಮದ್ವಿ ಅದಾವು. ಇದು ಹೋದ್ರೆ ಅವೂ ಹೋದ್ವು. ಆಮೇಲೆ ಅಂಗಡಿ ಬಾಗ್ಲು ಹಾಕಿ ನಾನು ಯಾವ್ದಾದ್ರೂ ಎಟಿಎಂ ಕಾಯಾಕೆ ಹೋಗ್ಬೇಕು. ನಾವೂ ಒಂದು ಅಂಥಾದ್ದು ತಂದುಬಿಡಾಣ ನಾಗೂ.”

“ತಂದು?”

“ತಂದು... ವಿಡಿಯೋ ಚೊಲೋ ಬರ್ತೈತಿ.”

“ಬೋರ್ಡು ವಿಡಿಯೋ ಮಾಡಲ್ಲ ಕಣ್ರಿ. ಲೆಕ್ಕ ಮಾಡೋದು ಪ್ರೊಸೆಸರ್ರು, ನೆನಪಿಟ್ಕೊಳ್ಳೋದು ರ‍್ಯಾಮು. ಬೋರ್ಡು ಅವಕ್ಕೆಲ್ಲ ಕೂರಾಕೆ ಜಾಗ ಕೊಡ್ತೈತಿ, ಕರೆಂಟು ಹಂಚ್ತೈತಿ. ಛತ್ರ ಇದ್ದಂಗೆ ಅದು. ಅಡಿಗೆಯೋರು ಅವ್ರೇ ಇದ್ರೆ, ಎರಡು ಪಟ್ಟು ಬಾಡಿಗೆ ಛತ್ರದಾಗೆ ಉಂಡ್ರೂ ಸಾರಿನ ರುಚಿ ಅದೇ.”

“ಮತ್ತೆ ಕಂಪ್ನಿಯೋರು ಯಾಕ್ ಮಾಡ್ತಾರೆ ಅಷ್ಟು ಬೆಲೇದು?”

“ದೊಡ್ಡ ದೊಡ್ಡ ಪ್ರೊಸೆಸರ್ ಹಾಕಿ ಹಗಲೂ ರಾತ್ರಿ ದುಡ್ಸೋರು ಇರ್ತಾರೆ, ಅವ್ರಿಗೆ ಬೇಕು. ಅಕ್ಕಿಕಾಳು ಹಾಕೋದನ್ನ ಕತ್ತರಿಸಾಕೆ ನಮಗ್ಯಾಕೆ?”

ತಿಪ್ಪೇಶನಿಗೆ ಇದೆಲ್ಲ ಅರ್ಥವಾಯಿತು, ಸಮಾಧಾನವಾಗಲಿಲ್ಲ. ನಾಗಶ್ರೀಗೂ ಆಗಲಿಲ್ಲ. ತನ್ನ ಮಾತು ಸರಿ ಎಂದು ಅವಳಿಗೆ ಗೊತ್ತಿತ್ತು. ಸರಿಯಾದ ಮಾತನ್ನೇ ಆಡಿ ಮೂರು ಮದುವೆ ಕಳೆದುಕೊಂಡದ್ದೂ ಗೊತ್ತಿತ್ತು.

ಭಾನುವಾರ ಅವಳು ಒಂದು ಗಾಜಿನ ಪೆಟ್ಟಿಗೆ ತರಿಸಿದಳು. ಬೈಕಿಗೆ ಬಣ್ಣದ ದೀಪ ಹಚ್ಚುವ ಅಂಗಡಿಯಿಂದ ಅಂಟಿಸುವ ದೀಪದ ಪಟ್ಟಿ ನಾಲ್ಕು ಮೊಳ ತಂದಳು. ಹಳೆಯ ಬೋರ್ಡನ್ನು ಬ್ರಷ್ಷಿನಲ್ಲಿ ಒರೆಸಿ ಪೆಟ್ಟಿಗೆಯೊಳಗೆ ಕೂರಿಸಿದಾಗ, ಅದು ಹೊಸ ಮನೆಗೆ ಕರೆತಂದ ಬಡ ನೆಂಟನಂತೆ ಮುದುಡಿ ಕಂಡಿತು. ಚಿದಂಬರನ ಬೋರ್ಡಿಗೆ ಬಿಸಿ ಹೀರುವ ಲೋಹದ ಕವಚವಿತ್ತು, ಇದಕ್ಕೆ ಹೆಸರಿಗೊಂದು ತುಂಡು. ಕಪಾಟಿನಲ್ಲಿ ಯಾರೋ ಬಿಟ್ಟುಹೋದ ದುಬಾರಿ ಲಗ್ನಪತ್ರಿಕೆಯೊಂದು ಬಿದ್ದಿತ್ತು: ದಪ್ಪ ರಟ್ಟು, ಎರಡೂ ಬದಿಗೆ ಬೆಳ್ಳಿಯ ಹೊಳಪು, ಮೂಲೆಯಲ್ಲಿ ಉಬ್ಬಿದ ಗಣಪತಿ. ಅದನ್ನು ಕವಚದ ಆಕಾರಕ್ಕೆ ಕತ್ತರಿಸಿ, ಬಿಸಿ ತಾಗದಂತೆ ಎರಡು ಬೆರಳು ದೂರದಲ್ಲಿ, ಗಣಪತಿ ಒಳಮುಖವಾಗುವಂತೆ ನಿಲ್ಲಿಸಿದಳು. ದೀಪ ಹಾಕಿದಳು. ತಿಪ್ಪೇಶ ಕೈಯಲ್ಲಿದ್ದ ಟೀ ಮರೆತ. ಅವಳು ಮಾತ್ರ ಹತ್ತು ನಿಮಿಷಕ್ಕೊಮ್ಮೆ ರಟ್ಟನ್ನು ಮುಟ್ಟಿ ಮುಟ್ಟಿ ನೋಡಿದಳು.

ಸೋಮವಾರ ಬಂದ ಪುಟ್ಟಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದರು. ಹೋದ ಸಲ ಬಿಟ್ಟಿರಲಿಲ್ಲ.

“ಎಷ್ಟಿಂದು ತಂಗಿ ಇದು?”

“ನೋಡಿದೋರು ನೀವು, ನೀವೇ ಹೇಳ್ರಿ.”

“ಅರವತ್ತು?”

“ಬೀಗರದ್ದು ಅರವತ್ತೆರಡು ಅಂದ್ರಲ್ರಿ.”

“ಹಂಗಾದ್ರೆ ಎಪ್ಪತ್ತಕ್ಕೆ ಕಡಿಮೆ ಇಲ್ಲ,” ಎಂದು ಪುಟ್ಟಪ್ಪ ತಾವೇ ತೀರ್ಮಾನಿಸಿದರು. ತಿಪ್ಪೇಶನಿಗೆ ಕೆಮ್ಮು ಬಂತು. ನಾಗಶ್ರೀ ತಾನು ಆಡಿದ ಎರಡೂ ಮಾತನ್ನು ಮನಸ್ಸಿನಲ್ಲೇ ಮರಳಿ ಓದಿದಳು. ಒಂದರಲ್ಲೂ ಸುಳ್ಳಿರಲಿಲ್ಲ. ಆದರೂ ಆ ದಿನ ಊಟ ಸೇರಲಿಲ್ಲ.

ಮದುವೆ ಸೊರಬದ ಛತ್ರದಲ್ಲಿ. ದೂರದ ನೆಂಟರಿಗೆ ಮೊಬೈಲಿನಲ್ಲಿ ನೇರವಾಗಿ ತೋರಿಸಬೇಕಾದ್ದರಿಂದ ಎರಡು ಕಡೆಯವರೂ ಕಂಪ್ಯೂಟರ್ ಹೊತ್ತು ತಂದಿದ್ದರು. ಪುಟ್ಟಪ್ಪ ತಾವೇ ನಿಂತು ನಾಗಶ್ರೀಯ ಪೆಟ್ಟಿಗೆಯನ್ನು ಜನರ ಕಡೆಗೆ ತಿರುಗಿಸಿಟ್ಟರು. ಆರತಿ ತಟ್ಟೆ ಹಿಡಿದು ಹೋಗುತ್ತಿದ್ದ ಹೆಂಗಸೊಬ್ಬಳು ಅದಕ್ಕೂ ಒಂದು ಬೊಟ್ಟಿಟ್ಟಳು. ಪಕ್ಕದ ಮೇಜಿನಲ್ಲಿ ಚಿದಂಬರನ ಪೆಟ್ಟಿಗೆ. ವೇದಿಕೆಯ ಎಡಬಲದ ದೊಡ್ಡ ಪರದೆಗಳಲ್ಲಿ ಒಂದರಲ್ಲಿ ಅವನ ಚಿತ್ರ, ಇನ್ನೊಂದರಲ್ಲಿ ಇವಳದು. ಎರಡರಲ್ಲೂ ಅದೇ ಹೊತ್ತಿಗೆ ಮದುಮಗಳ ಅದೇ ಸೋದರತ್ತೆ ಅದೇ ಲಾಡನ್ನು ಬಾಯಿಗೆ ಹಾಕಿಕೊಂಡಳು.

ಗಂಡಿನ ತಂದೆ ಮಂಜಪ್ಪ ಎರಡೂ ಪರದೆ ನೋಡಿ ಚಿದಂಬರನ ಹತ್ತಿರ ಬಂದರು. “ಎರಡೂ ಒಂದೇ ಥರ ಕಾಣ್ತದಲ್ಲ ಮಾರಾಯ. ನಿಂದು ಅರವತ್ತೆರಡು ಸಾವಿರ ಅಂದಿ. ಅವ್ರದ್ದು ಎಷ್ಟಂತೆ?”

ನಾಗಶ್ರೀಯ ಕಿವಿ ಅಲ್ಲಿತ್ತು, ಕಣ್ಣು ಪರದೆಯ ಮೇಲಿತ್ತು.

“ನೋಡಿ ಹೇಳ್ತೆ,” ಎಂದು ಚಿದಂಬರ ಎದ್ದು ಬಂದ. ಅವಳ ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಆ ಛತ್ರದಲ್ಲಿ ಸೇರಿದ್ದ ಅಷ್ಟೂ ಜನರಲ್ಲಿ ಗಾಜಿನ ಹಿಂದೆ ಇರುವುದು ಏನೆಂದು ಅವಳನ್ನು ಬಿಟ್ಟರೆ ಓದಬಲ್ಲವನು ಅವನೊಬ್ಬನೇ. ಗಾಡಿಯ ಕುಲುಕಾಟಕ್ಕೆ ರಟ್ಟು ಸ್ವಲ್ಪ ತಿರುಗಿತ್ತು. ಬೆಳ್ಳಿ ಕವಚದ ಅಂಚಿನಲ್ಲಿ ಗಣಪತಿಯ ಸೊಂಡಿಲು ಇಣುಕುತ್ತಿತ್ತು.

ಚಿದಂಬರ ಸೊಂಡಿಲು ನೋಡಿದ. ಅವಳನ್ನು ನೋಡಿದ. ಇವನು ಒಂದು ಮಾತು ಆಡಿದರೆ ಸಾಕು, ನಾಲ್ಕು ಮದುವೆಯೂ ಹೋಯಿತು, ಅಂಗಡಿಯೂ ಹೋಯಿತು, ಹೆಸರೂ ಹೋಯಿತು.

ಆದರೆ ಚಿದಂಬರ ಕತ್ತೆತ್ತಿ ಎಡದ ಪರದೆ ನೋಡಿದ, ಬಲದ ಪರದೆ ನೋಡಿದ. ಸೋದರತ್ತೆ ಎರಡನೆಯ ಲಾಡು ತೆಗೆದುಕೊಂಡಳು, ಎರಡರಲ್ಲೂ. ಅವನ ಮುಖದಲ್ಲಿ ಮೊದಲಿದ್ದ ನಗು ನಿಧಾನವಾಗಿ ಇಳಿಯಿತು. ಅವನು ಏನು ಲೆಕ್ಕ ಹಾಕುತ್ತಿದ್ದಾನೆಂದು ನಾಗಶ್ರೀಗೆ ಅವನಿಗಿಂತ ಅರೆಕ್ಷಣ ಮೊದಲೇ ಹೊಳೆಯಿತು. ಇವಳದು ಹಳೆಯ ಸಾಮಾನು ಎಂದು ಸಾರಿದರೆ, ಹಳೆಯ ಸಾಮಾನಿನಲ್ಲೂ ಇದೇ ಸೋದರತ್ತೆ, ಇದೇ ಲಾಡು ಬರುವುದಾದರೆ ನಿನ್ನ ಅರವತ್ತೆರಡು ಸಾವಿರ ಏನು ಮಾಡುತ್ತಿದೆ ಎಂದು ಮಂಜಪ್ಪ ಕೇಳುತ್ತಾರೆ. ಲ್ಯಾಮಿನೇಟ್ ಮಾಡಿಸಿದ ಬಿಲ್ಲು ಅದಕ್ಕೆ ಉತ್ತರ ಹೇಳುವುದಿಲ್ಲ.

ಚಿದಂಬರ ಎದ್ದು ಪ್ಯಾಂಟು ಕೊಡವಿದ.

“ಒಳ್ಳೆ ಬೋರ್ಡು,” ಎಂದ, ಮಂಜಪ್ಪನವರಿಗೆ ಮಾತ್ರವಲ್ಲ, ಸುತ್ತ ನಿಂತವರಿಗೂ ಕೇಳುವ ಹಾಗೆ. “ನನ್ನದರ ಜೋಡಿಗೆ ನಿಲ್ಲೋವಂಥದ್ದೇ. ಅದಕ್ಕೇ ಮತ್ತೆ ಎರಡೂ ಇಷ್ಟು ಚಂದ ಬರ್ತಾ ಇರೋದು. ಕಡಿಮೆ ಬೋರ್ಡಲ್ಲಿ ಈ ಬಣ್ಣ ಎಲ್ಲಿ ಬರ್ತದೆ?”

“ಎಪ್ಪತ್ತಂತೆ,” ಎಂದು ಹಿಂದಿನಿಂದ ಪುಟ್ಟಪ್ಪನವರ ದನಿ ಬಂತು.

ಚಿದಂಬರ ತನ್ನ ಪೆಟ್ಟಿಗೆಯ ಕಡೆಗೊಮ್ಮೆ ನೋಡಿದ. “ಇದ್ದರೂ ಇರಬಹುದು,” ಎಂದ.

ಊಟದ ಸಾಲಿನಲ್ಲಿ ಕೈತೊಳೆಯುವ ಕಡೆ ಅವನು ನಾಗಶ್ರೀಯ ಪಕ್ಕ ಬಂದು ನಿಂತ. ನಲ್ಲಿಯನ್ನೇ ನೋಡುತ್ತ ಸಣ್ಣಗೆ ಹೇಳಿದ: “ಎಪ್ಪತ್ತು ಜಾಸ್ತಿ ಆಯ್ತು ಮಾರಾಯ್ತಿ. ಐವತ್ತೆಂಟಕ್ಕೆ ಇಳಿಸಿ. ನಾನೂ ಬದುಕಬೇಕಲ್ಲ. ಮತ್ತೆ ಆ ಗಣಪತಿನ್ನ ಸ್ವಲ್ಪ ಒಳಗೆ ತಳ್ಳಿ.”

“ನಾನು ಬೆಲೆ ಹೇಳೇ ಇಲ್ರಿ.”

“ಅದೇ ನಿಮ್ಮ ಹುಷಾರಿ. ನಾನು ಹೇಳಿ ಸಿಕ್ಕಿಬಿದ್ದೆ.”

ಎರಡು ವಾರದ ನಂತರ ಪುಟ್ಟಪ್ಪ ಪೆನ್‌ಡ್ರೈವ್ ತೆಗೆದುಕೊಂಡು ಹೋಗಲು ಬಂದರು. ವಿಡಿಯೋ ಹೇಗಿದೆ ಎಂದು ಕೇಳಲಿಲ್ಲ. ಪೆಟ್ಟಿಗೆಯ ಮುಂದೆ ಕುರ್ಚಿ ಎಳೆದುಕೊಂಡು ಕೂತರು.

“ತಂಗಿ, ನಂಗೂ ಇಂಥದ್ದೊಂದು ಬೇಕು. ಮನೆ ಹಾಲಲ್ಲಿ ಟಿವಿ ಪಕ್ಕ ಇಡೋಕೆ.”

“ಮನ್ಯಾಗೆ ಕಂಪ್ಯೂಟ್ರು ಐತೇನ್ರಿ?”

“ಕಂಪ್ಯೂಟ್ರು ಯಾಕೆ? ಬೋರ್ಡು ಸಾಕು. ಬೀಗರು ಬಂದಾಗ ಕಾಣ್ಬೇಕು. ಎಪ್ಪತ್ತು ಸಾವಿರ ತಂದೀನಿ, ನೀನೇ ತರ್ಸಿಕೊಡು.”

ಅವರು ಪಂಚೆಯ ಮಡಿಕೆಗೆ ಕೈ ಹಾಕಿದಾಗ ನಾಗಶ್ರೀ ಕುರ್ಚಿ ಹಿಂದಕ್ಕೆ ತಳ್ಳಿದಳು. ಅವರು ತಾವಾಗಿಯೇ ಮೋಸಹೋಗುವುದು ಒಂದು ಲೆಕ್ಕ, ತಾನು ಕೈನೀಡಿ ಇಸಿದುಕೊಳ್ಳುವುದು ಇನ್ನೊಂದು. ಅವಳು ಎದ್ದು ದೀಪ ಆರಿಸಿದಳು, ಗಾಜು ತೆಗೆದಳು, ರಟ್ಟನ್ನು ಕಿತ್ತು ಅವರ ಕೈಗಿಟ್ಟಳು.

“ನೋಡ್ರಿ. ಇದು ಲಗ್ನಪತ್ರಿಕೆ. ದೀಪ ಬೈಕಿಂದು. ಬೋರ್ಡು ಆರು ವರ್ಷದ್ದು, ಆರು ಸಾವಿರದ ಎಂಟುನೂರಕ್ಕೆ ತಂದಿದ್ದು. ನಿಮ್ಮ ಮಗಳ ಮದುವೆ ಪೂರ್ತಿ ಇದ್ರಾಗೇ ಆಗಿದ್ದು. ಇದಕ್ಕಿಂತ ಹೆಚ್ಚಿಂದು ಬೇಕಾಗೇ ಇರ್ಲಿಲ್ಲ.”

ತಿಪ್ಪೇಶ ಕಣ್ಣು ಮುಚ್ಚಿಕೊಂಡ.

ಪುಟ್ಟಪ್ಪ ರಟ್ಟನ್ನು ಬೆಳಕಿಗೆ ಹಿಡಿದರು. ತಿರುಗಿಸಿದರು. “ಗಣಪತಿ ಬೇರೆ ಅದೆ,” ಎಂದು ಕಣ್ಣಿಗೊತ್ತಿಕೊಂಡರು. “ನಮ್ಮ ದೇಶಕ್ಕೆ ಕಳ್ಸೋ ಬೋರ್ಡಿಗೆ ಹಾಕಿರ್ತಾರೇನೋ ಕಂಪ್ನಿಯೋರು.”

“ಅಲ್ರಿ, ನಾನು ಹೇಳಿದ್ದು...”

“ಕೇಳ್ತು ಬಿಡು.” ಅವರು ನಕ್ಕರು. “ನೀನು ಆವತ್ತೂ ಬೆಲೆ ಬಾಯಿಬಿಡ್ಲಿಲ್ಲ. ಊರಿಗೆಲ್ಲ ಒಂದೊಂದು ಬಂದ್ರೆ ನಿನ್ ಅಂಗಡಿಗೆ ಯಾರು ಬರ್ತಾರೆ, ಅಲ್ವಾ? ಆರು ಸಾವಿರದ್ದು ಅಂದ್ರೆ ನಂಬೋಕೆ ನಾನೇನು ನಿನ್ನೆ ಹುಟ್ಟಿದೋನಾ? ಚಿದಂಬರನೇ ಬಾಯಾರೆ ಒಪ್ಕಂಡಿದಾನೆ. ಎದುರಾಳಿ ಸುಮ್ನೆ ಹೊಗಳ್ತಾನಾ?”

ಪುಟ್ಟಪ್ಪ ದುಡ್ಡನ್ನು ಮತ್ತೆ ಮಡಿಕೆಯೊಳಗೆ ತಳ್ಳಿ, ಅಣ್ಣತಮ್ಮಂದಿರ ಮನೆಯ ಮೂರು ಮದುವೆಯ ತಾರೀಖು ಹೇಳಿದರು. ಮೂರಕ್ಕೂ ಇದೇ ಬೋರ್ಡೇ ಬರಬೇಕು, ಬೇರೆ ಕಡಿಮೆಯದು ತಂದರೆ ಒಪ್ಪುವುದಿಲ್ಲ ಎಂದು ಮೂರು ಸಲ ಹೇಳಿದರು. ಅವಳು ತಾರೀಖುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದಳು.

ಅವರು ಹೋದ ಮೇಲೆ ರಟ್ಟನ್ನು ಮತ್ತೆ ಸಿಕ್ಕಿಸಿದಳು. ಈ ಸಲ ಗಣಪತಿಯನ್ನು ಮುಚ್ಚಿಡುವ ಗೋಜಿಗೆ ಹೋಗಲಿಲ್ಲ, ಹೊರಮುಖವಾಗಿಯೇ ಇಟ್ಟಳು. ದೀಪ ಹಾಕಿ, ಹತ್ತು ನಿಮಿಷ ಕಳೆದ ಮೇಲೆ ಬಿಸಿಯಾಗಿದೆಯೇ ಎಂದು ಮುಟ್ಟಿ ನೋಡಿದಳು.