ಹಲ್ಲುಪುಡಿ ಡಬ್ಬಿಯ ಮೈಕು

ಹೊತ್ತು ಮೂಡುವುದರೊಳಗೆ ಇಂದ್ರವ್ವ ಅಂಗಳದ ಕಸ ಹೊಡೆದು ಸಗಣಿನೀರಿನ ಥಳಿ ಹಾಕಿರುತ್ತಿದ್ದಳು, ಬಚ್ಚಲ ಒಲೆಗೆ ಉರಿ ಹಚ್ಚಿ ಅತ್ತೆಯ ಸ್ನಾನಕ್ಕೆ ಹಂಡೆ ತುಂಬಿರುತ್ತಿದ್ದಳು, ಗಂಡನ ಗಂಟಲಿಗೆಂದು ಮೆಣಸು ಬೆಲ್ಲದ ಕಷಾಯ ಇಳಿಸಿ ಮುಚ್ಚಿಟ್ಟಿರುತ್ತಿದ್ದಳು, ಆ ದಿನ ಮಗ್ಗಕ್ಕೆ ಬೇಕಾಗುವ ಕಂಡಿಕೆಗಳಿಗೆ ನೂಲು ಸುತ್ತಿ ಬುಟ್ಟಿಯಲ್ಲಿ ಜೋಡಿಸಿರುತ್ತಿದ್ದಳು, ಐದು ಮಂದಿಗೆ ಸಾಲುವಷ್ಟು ರೊಟ್ಟಿ ಬಡಿದು ಬಟ್ಟೆ ಹೊದಿಸಿರುತ್ತಿದ್ದಳು. ಐದೂವರೆಗೆ ಓಣಿಯ ನಳಕ್ಕೆ ನೀರು ಬಿಡುವರೆಂದು ಕೊಡಗಳನ್ನು ಎತ್ತಿಕೊಳ್ಳುವ ಮುನ್ನ, ಮಗ್ಗದ ಪಕ್ಕದ ಗೋಡೆಯ ಗೂಡಿನಿಂದ ತಗಡಿನದೊಂದು ಹಲ್ಲುಪುಡಿ ಡಬ್ಬಿಯನ್ನು ತೆಗೆದು, ಅದರ ಬಾಲದ ತಂತಿಗಳಿಗೆ ಕರೆಂಟು ನೋಡುವ ಮುಳ್ಳಿನ ಮೀಟರಿನ ಎರಡು ಕಡ್ಡಿ ತಾಗಿಸಿ, ಮುಳ್ಳು ಅಲುಗಿತೋ ಇಲ್ಲವೋ ನೋಡಿ ಇಡುತ್ತಿದ್ದಳು. ಮುಳ್ಳು ಅಲುಗಿದರೂ ಅವಳಿಗೆ ಸಮಾಧಾನವಿಲ್ಲ. ಮೀಟರೇ ಸುಳ್ಳು ಹೇಳುತ್ತಿರಬಹುದೆಂದು ಅದರ ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿ ಮೀಟರನ್ನೂ ಪರೀಕ್ಷಿಸುತ್ತಿದ್ದಳು.

ಇಳಕಲ್ಲಿನ ಆ ಮನೆಯ ಮಾಳಿಗೆಯ ಮೇಲಿನ ಖೋಲಿಯಲ್ಲಿ ನಾನು ೧೯೯೮ರಿಂದ ನಾಲ್ಕು ವರ್ಷ ಬಾಡಿಗೆಗಿದ್ದೆ. ಊರಿನ ಕಾಲೇಜಿನಲ್ಲಿ ಪಾಠ ಹೇಳುತ್ತ, ಬಿಡುವಿನಲ್ಲಿ ಕತೆ ಬರೆಯುತ್ತಿದ್ದೆ. ಇಂದ್ರವ್ವನಷ್ಟು ಸಂಶಯದ ಹೆಂಗಸನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ನಡೆಯುವಾಗ ಅವಳ ಬಲಗಿವಿ ಅವಳಿಗಿಂತ ಒಂದು ಗೇಣು ಮುಂದೆ ಇರುತ್ತಿತ್ತು. ಸಂತೆಯಲ್ಲಿ ಗಡಿಗೆಯನ್ನು ಎಲ್ಲರೂ ಬೆರಳಿನಿಂದ ಬಾರಿಸಿ ಕೊಳ್ಳುತ್ತಾರೆ. ಇವಳು ಅದರ ಮುಚ್ಚಳವನ್ನೂ ಬಾರಿಸುವಳು, ತೆಂಗಿನಕಾಯಿಯನ್ನೂ ಕಿವಿಗೆ ಹಿಡಿಯುವಳು, ಕೊನೆಗೆ ಮಾರುವವನ ಮಾತನ್ನೂ ತಲೆ ವಾರೆ ಮಾಡಿ ಕೇಳಿ, "ಇರಲಿ, ನೋಡೂಣು" ಅನ್ನುವಳು. ಒಳ್ಳೆಯ ಸುದ್ದಿಗೂ ಅದೇ ಉತ್ತರ. ಪಕ್ಕದ ಮನೆಯ ಲಗಮವ್ವ ಒಮ್ಮೆ ಮಗಳಿಗೆ ಗಂಡು ಗೊತ್ತಾದ ಸಂಭ್ರಮದಲ್ಲಿ ಸಕ್ಕರೆ ಹಿಡಿದು ಬಂದಿದ್ದಳು.

"ಹುಡುಗ ಭಾಳ ಸಮಾಧಾನಿ ಅಂತವಾ."

"ಯಾರಂದ್ರು?"

"ಅವನವ್ವನs ಅಂದಳು."

"ಹಂಗಾರ ನೋಡೂಣು," ಎಂದು ಇಂದ್ರವ್ವ ಸಕ್ಕರೆ ಬಾಯಿಗೆ ಹಾಕಿಕೊಂಡಿದ್ದಳು.

ಅವಳ ಅಪ್ಪ ಹುನಗುಂದದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದವರು. ಬಿಚ್ಚಿದ ರೇಡಿಯೋದೊಳಗೆ ಬ್ಯಾಟರಿಯ ಬೆಳಕು ಬಿಟ್ಟು ನಿಲ್ಲುವ ಕೆಲಸ ಮಗನಿಗೆ ಬೇಸರ ತರುತ್ತಿತ್ತೆಂದು ಅದನ್ನು ಮಗಳಿಗೆ ಹಚ್ಚಿದರು. ನಿಂತಲ್ಲೇ ಅವಳು ಎಲ್ಲವನ್ನೂ ಕಲಿತಳು. ಅಪ್ಪ ತೀರಿದ ಮೇಲೆ ಅಂಗಡಿ ಅಣ್ಣನಿಗೆ ಹೋಯಿತು. ಇವಳಿಗೆ ಬಂದದ್ದು ಮುಳ್ಳಿನ ಮೀಟರು, ಬೆಸುಗೆ ಹಾಕುವ ಕಡ್ಡಿ, ಮತ್ತು ಎಂಟು ಕಿಸೆಗಳ ಒಂದು ಖಾಕಿ ಕೋಟು. ಬೆಸುಗೆಯ ಕಿಡಿ ಸಿಡಿದು ಸೀರೆಗೆ ತೂತು ಬೀಳುತ್ತದೆಂದು ಅವಳು ಆ ಕೋಟನ್ನು ಸೀರೆಯ ಮೇಲೆ ತೊಟ್ಟು ಕೂಡುತ್ತಿದ್ದಳು. ಕೋಟು ತೊಟ್ಟ ಇಂದ್ರವ್ವನನ್ನು ಓಣಿಯ ಹೆಂಗಸರು ಕಳ್ಳನನ್ನು ಕಂಡಂತೆ ಕಾಣುತ್ತಿದ್ದರು.

ಕೆಟ್ಟ ಟೇಪ್ ರೆಕಾರ್ಡರುಗಳ ಒಳಗೆ ಕಡಲೆಗಾತ್ರದ ಒಂದು ಬಿಲ್ಲೆ ಇರುತ್ತದೆ. ಸದ್ದು ಹಿಡಿಯುವುದು ಅದೇ. ಊರಿನಲ್ಲಿ ಸೌಂಡ್ ಸರ್ವಿಸ್ ನಡೆಸುವ ಖಾದರಬಾಷಾನ ಹಳೆಸಾಮಾನಿನ ಮೋಡಕಾ ರಾಶಿಯಿಂದ ಅಂಥ ಬಿಲ್ಲೆಗಳನ್ನು ಆರಿಸಿ ತಂದು, ಎರಡು ಪೆನ್ಸಿಲ್ ಸೆಲ್ಲಿನ ಬಲ ಕೊಟ್ಟು, ಹಲ್ಲುಪುಡಿ ಡಬ್ಬಿಯೊಳಗೆ ಕೂಡಿಸಿ, ಡಬ್ಬಿಯ ಬಾಯಿಗೆ ಚಹಾ ಸೋಸುವ ಜಾಳಿಗೆಯನ್ನು ಕತ್ತರಿಸಿ ಹೊಂದಿಸಿ ಮೈಕು ಮಾಡಿದಳು. ಮೊದಲ ಡಬ್ಬಿ ಬರೀ ಗುಂಯ್‌ಗುಟ್ಟಿತು. ಬದಿಯ ಓಣಿಯ ಪವರ್‌ಲೂಮುಗಳನ್ನು ಅದು ಹಾಡಿಗಿಂತ ಚೆನ್ನಾಗಿ ಹಿಡಿಯುತ್ತಿತ್ತು. ಇಂದ್ರವ್ವ ಸೆಲ್ಲನ್ನು ಸಂಶಯಿಸಿದಳು, ತಂತಿಯನ್ನು ಸಂಶಯಿಸಿದಳು, ಕೊನೆಗೆ ತಗಡನ್ನು ಸಂಶಯಿಸಿ ಅದನ್ನು ತಂತಿಯ ಹೊರಗಿನ ತಾಮ್ರದ ಹೆಣಿಗೆಗೆ ಬೆಸೆದಳು, ಗುಂಯ್ ನಿಂತಿತು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಎರಡನ್ನು ಬದಲಿಸಿದರೆ ಕಳ್ಳ ಯಾರೆಂದು ತಿಳಿಯುವುದಿಲ್ಲ ಎಂಬುದು ಅವಳ ಶಾಸ್ತ್ರ. ಎಲ್ಲಕ್ಕಿಂತ ಅವಳಿಗೆ ಹೆಚ್ಚು ಸಿಟ್ಟು ಬರುತ್ತಿದ್ದದ್ದು ಮೇಲೆ ಹಿಡಿದಂತೆ ಕಾಣುವ, ಒಳಗೆ ಹಿಡಿಯದ ಬೆಸುಗೆಯ ಮೇಲೆ. "ಅಂಥಾ ಮಂದಿನೂ ಇರತಾರ್ರಿ," ಅನ್ನುತ್ತಿದ್ದಳು, ಯಾರೆಂದು ಹೇಳುತ್ತಿರಲಿಲ್ಲ.

ಗಂಡ ಗೋವಿಂದಪ್ಪ ಒಳ್ಳೆಯ ನೇಕಾರ, ಅದಕ್ಕಿಂತ ಒಳ್ಳೆಯ ಹಾಡುಗಾರ. ಸೋಮವಾರ ಸಂಜೆ ಎಂಟು ಜನ ಮಗ್ಗದ ಮನೆಯಲ್ಲಿ ಸೇರಿ ತತ್ವಪದ ಹಾಡುವರು. ತಮ್ಮದೊಂದು ಕ್ಯಾಸೆಟ್ ಆಗಬೇಕೆಂದು ಅವರಿಗೆಲ್ಲ ಆಸೆ. ಇಂದ್ರವ್ವನ ಡಬ್ಬಿ ಗೂಡಿನಲ್ಲಿ, ಟೇಪು ಅದರ ಕೆಳಗಿನ ಪೆಟ್ಟಿಗೆಯ ಮೇಲೆ, ಅಲ್ಲಿಂದ ಒಂದು ಉದ್ದನೆಯ ತಂತಿ ಅಡಿಗೆಮನೆಗೆ. ಎಡಗಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಎಂಟು ಜನರ ಕಂಠವನ್ನು ಅಳೆಯುತ್ತ, ಬಲಗೈಯಿಂದ ಅದೇ ಎಂಟು ಜನರಿಗೆ ಮಂಡಕ್ಕಿಯ ಸುಸಲಾ ಕೈಯಾಡಿಸುತ್ತ ಅವಳು ನಿಂತಿರುತ್ತಿದ್ದಳು. ಹಾಡು ಮುಗಿದ ಮೇಲೆ ಜನ ಹೊಗಳುತ್ತಿದ್ದದ್ದು ಗೋವಿಂದಪ್ಪನ ಗಂಟಲನ್ನು, ಆಮೇಲೆ ಸುಸಲಾವನ್ನು.

ಅತ್ತೆ ಶಿವಲಿಂಗವ್ವನಿಗೆ ಆ ಡಬ್ಬಿಯ ಮೇಲೆ ಕೆಟ್ಟ ಕಣ್ಣು ಎಂಬುದು ಇಡೀ ಓಣಿಗೆ ಗೊತ್ತು. "ಗ್ವಾಡಿಗೆ ಕಿವಿ ಇರತಾವ ಅಂತಿದ್ರು, ನಮ್ಮ ಮನ್ಯಾಗ ಡಬ್ಬಿಗೂ ಬಂದಾವು," ಎಂದು ನಳದ ಬಳಿ ಸಾರಿದವಳು ಅವಳೇ. ಟೇಪಿನ ಕೆಂಪು ದೀಪ ಹತ್ತಿದರೆ ಲಗಮವ್ವನ ಕೈ ಜಗ್ಗಿ, "ಸುಮ್ಮನಿರ, ಅದು ಕಣ್ಣ ತೆರದೈತಿ" ಅನ್ನುವಳು. ಸೊಸೆ ತನ್ನ ಮಾತನ್ನು ತುಂಬಿಟ್ಟುಕೊಂಡು ತವರಿಗೆ ಕಳಿಸುತ್ತಾಳೆಂದು ಅವಳ ಗುಮಾನಿ. ಇಂದ್ರವ್ವನಿಗೋ, ಅತ್ತೆ ಡಬ್ಬಿಯ ಮುಂದೆ ಬೈಯದೆ ಹಿಂದೆ ಎಷ್ಟು ಬೈಯುತ್ತಾಳೆಂಬ ಗುಮಾನಿ.

ಇಂಥ ಮನೆಯಲ್ಲಿ ಮೈಕು ಕೆಡಲು ಶುರುವಾಯಿತು. ಭಾನುವಾರ ಸರಿಯಾಗಿದ್ದದ್ದು ಸೋಮವಾರ ಸಂಜೆ ಹಾಡು ಹತ್ತಿದ ಕೂಡಲೆ ಎಣ್ಣೆಗೆ ಸಾಸಿವೆ ಬಿದ್ದಂತೆ ಚಟಚಟ ಅಂದು ಸತ್ತೇ ಹೋಯಿತು. ಬಿಲ್ಲೆ ಬದಲಿಸಿದಳು. ಮುಂದಿನ ಸೋಮವಾರ ಮಧ್ಯಾಹ್ನವೇ ನೋಡಿದಳು, ಆಗಲೇ ಕೆಟ್ಟಿತ್ತು. ಮೂರನೆಯ ಸೋಮವಾರ ನಳದಿಂದ ಬಂದವಳು ಕೊಡ ಇಳಿಸುವ ಮೊದಲು ನೋಡಿದಳು. ಆಗಲೂ ಕೆಟ್ಟಿತ್ತು, ಡಬ್ಬಿಯ ಜಾಳಿಗೆಯಲ್ಲಿ ಗೋಡೆಯ ಸುಣ್ಣದಂಥ ಬಿಳಿಯ ಹುಡಿ ಇತ್ತು. ಅಂದರೆ ಕೆಡುವುದು ತಾನು ನಳಕ್ಕೆ ಹೋಗಿಬರುವ ಆ ಅರ್ಧ ತಾಸಿನಲ್ಲಿ. ಅಂದೇ ಅವಳು ನನ್ನ ಖೋಲಿಗೆ ಏರಿ ಬಂದಳು.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ನೀವು ಐದೂವರಿಗೆ ಏನ ಮಾಡತೀರಿ?"

"ಮಲಗಿರತೇನಿ."

"ನೋಡಿದವರು?"

ನಗು ಬಂದರೂ ನಗಲಾಗಲಿಲ್ಲ. ಅವಳ ಕೈಬೆರಳುಗಳಲ್ಲಿ ಮೂರು ಹೊಸ ಸುಟ್ಟ ಗಾಯಗಳಿದ್ದವು. ನನ್ನ ಅನುಮಾನ ಬೇರೆ ಕಡೆಗಿತ್ತು. ನಾನು ಕಣ್ಣಿನಲ್ಲೇ ಕೆಳಗಿನ ಮನೆಯನ್ನು ತೋರಿಸಿದೆ. "ಅತ್ತಿ?" ಎಂದಳು. "ಇರಲಿ, ನೋಡೂಣು."

ನಾಲ್ಕನೆಯ ಸೋಮವಾರ ನಳಕ್ಕೆ ಹೋಗುವ ಮುನ್ನ ಅವಳು ಡಬ್ಬಿಯನ್ನು ಟೇಪಿಗೆ ಹಚ್ಚಿ, ಹೊಸ ಕ್ಯಾಸೆಟ್ ಹಾಕಿ, ರೆಕಾರ್ಡ್ ಗುಂಡಿ ಒತ್ತಿ ಹೋದಳು. ಸಂಜೆ ಮೈಕು ಮತ್ತೆ ಸತ್ತಿತ್ತು. ಎಂಟು ಜನರ ಎದುರಿಗೆ ಗೋವಿಂದಪ್ಪನ ತಾಳ್ಮೆ ಹರಿಯಿತು. "ಇನ್ನ ಒಂದs ಸೋಮವಾರ ನೋಡತೇನಿ. ಆಗಲಿಲ್ಲಂದ್ರ ಖಾದರಬಾಷಾನ ಮೈಕ ತರಸ್ತೇನಿ, ನಿನ್ನ ಈ ಡಬ್ಬಿ, ಮೀಟರು, ಕೋಟು ಎಲ್ಲಾ ಮೋಡಕಾದವಗ ಹಾಕೂದು. ಹೆಂಗಸರ ಕೈಯಾಗಿನ ಸಾಮಾನು ಹಿಂಗs." ಇಂದ್ರವ್ವ ಒಬ್ಬೊಬ್ಬರ ಮುಂದೆ ಸುಸಲಾದ ತಾಟು ಇಡುತ್ತ ಹೋದಳು. ಅವಳ ಬಳಿ ಉಳಿದಿದ್ದದ್ದು ಒಂದೇ ಬಿಲ್ಲೆ. ಖಾದರಬಾಷಾನ ರಾಶಿಯೂ ಬರಿದಾಗಿತ್ತು.

ಮರುದಿನ ಮಧ್ಯಾಹ್ನ, ಗಂಡ ನೂಲಿಗೆಂದು ಪೇಟೆಗೆ ಹೋದಾಗ, ಟೇಪನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೇಲೆ ಬಂದಳು. ಇಬ್ಬರೂ ಕೇಳಿದೆವು. ಮೊದಲು ಬಹಳ ಹೊತ್ತು ಏನೂ ಇಲ್ಲ. ದೂರದಲ್ಲಿ ಕೋಳಿ, ಕೊಡಗಳ ಸದ್ದು. ಆಮೇಲೆ ಬರಿಗಾಲಿನ ಹೆಜ್ಜೆ. ಒಂದು ಕೆಮ್ಮು. ಮಗ್ಗದ ಮರಕ್ಕೆ ಬೆರಳು ಎಳೆದ ಸದ್ದು. ಸೋಮವಾರ ಮಗ್ಗಕ್ಕೆ ವಿಭೂತಿ ಹಚ್ಚುವುದು ಆ ಮನೆಯ ಹಿರಿಯಳ ಪಾಲಿನ ಪದ್ಧತಿ. ಆಮೇಲೆ ಸದ್ದು ತೀರ ಹತ್ತಿರ ಬಂತು, ಉಸಿರು ಕೇಳುವಷ್ಟು. ನೀರು ಚಿಮುಕಿಸಿದ್ದು ಕಲ್ಲು ಬಿದ್ದಂತೆ ಕೇಳಿತು. ಹಸಿ ವಿಭೂತಿಯ ಮೂರು ಬೆರಳು ಜಾಳಿಗೆಯ ಮೇಲೆ ಎಳೆದದ್ದು ಬಟ್ಟೆ ಹರಿದಂತೆ ಕೇಳಿತು. ಆಮೇಲೆ ಶಿವಲಿಂಗವ್ವನ ದನಿ, ನಾನು ಆ ಮನೆಯಲ್ಲಿ ಎಂದೂ ಕೇಳದ ಮೆತ್ತಗಿನ ದನಿ: "ಇದು ನನ್ನ ಸೊಸಿ ಹತಾರ ಐತಪಾ. ಮಗ್ಗದಂಗ ಇದೂ ನಡೀಲಿ. ಅಕಿ ಕೈ ಸುಡಬ್ಯಾಡ." ಯಾರ ಕಣ್ಣಿಗೂ ಬೀಳಬಾರದೆಂದೋ ಏನೋ, ಕೂಡಲೇ ಸೆರಗಿನಿಂದ ಗಸಗಸ ಒರೆಸಿದಳು, ಒರೆಸಿದ್ದೇ ಹಸಿ ವಿಭೂತಿಯನ್ನು ಜಾಳಿಗೆಯೊಳಗೆ ತುರುಕಿತು. ಚಟಚಟ ಶುರುವಾಗಿ ಹೆಜ್ಜೆಗಳು ಅದರಲ್ಲಿ ಮುಳುಗಿದವು. ಮೈಕು ತನ್ನ ಸಾವನ್ನು ತಾನೇ ದಾಖಲಿಸಿಟ್ಟಿತ್ತು.

ಅತ್ತೆ ಸೊಸೆಯರ ಬಗ್ಗೆ ಅಷ್ಟೊಂದು ಬರೆದಿದ್ದ ನನಗೆ ನಾಚಿಕೆಯಾಯಿತು. ನಾನು ಇಂದ್ರವ್ವನ ಕಣ್ಣು ತುಂಬಿರಬಹುದೆಂದು ನೋಡಿದೆ. ಅವಳು ಟೇಪನ್ನು ಹಿಂದಕ್ಕೆ ಓಡಿಸುತ್ತಿದ್ದಳು. ಮೂರು ಸಲ ಕೇಳಿ ಹೇಳಿದಳು:

"ಮೊದಲ ಕೆಮ್ಮಿದ್ಲು, ಕೇಳಿದ್ರಿ?"

"ಅದರಾಗೇನೈತಿ?"

"ನಮ್ಮವರೂ ಹಾಡೂಕಿಂತ ಮೊದಲ ಹಂಗs ಕೆಮ್ಮತಾರ್ರಿ, ಕೆಂಪು ದೀಪ ನೋಡಿ. ದೀಪ ಹತ್ತಿತ್ತು. ಅದು ಹತ್ತಿದ್ರ ಏನಂತ ನಮ್ಮತ್ತಿಗೆ ಚಲೋ ಗೊತ್ತೈತಿ. ನಾ ಕೇಳಲಿ ಅಂತ ಅಂದಿದ್ರ?"

"ಹಂಗಾರ ಅವರನ್ನs ಕೇಳಿಬಿಡ್ರಿ."

"ಕೇಳಿದ್ರ, ಮೈಕ ಮುಂದ ಅಂದಂಗ ಅಂತಾರ."

ಈ ಕ್ಯಾಸೆಟ್ಟನ್ನು ಗಂಡನಿಗೆ ಕೇಳಿಸಿದರೆ ನಿಮ್ಮ ಮೇಲಿನ ಅಪವಾದ ಹೋಗುತ್ತದಲ್ಲ ಎಂದೆ. ಹೋಗುತ್ತದೆ, ಎಂದಳು, ಅತ್ತೆಯ ಮೇಲೆ ಕೂಡುತ್ತದೆ. ಅದು ಯಾರ ಮೇಲೆ ಕೂತರೂ ಕೆಲಸ ಮಾಡುವ ಇಬ್ಬರು ಹೆಂಗಸರಲ್ಲಿ ಒಬ್ಬರ ಮೇಲೆಯೇ ಕೂಡುವುದು ಎಂಬ ಲೆಕ್ಕ ಅವಳಿಗೆ ನನಗಿಂತ ಬೇಗ ಹೊಳೆದಿತ್ತು. ಹಾಗೆಂದು ಅವಳು ಅತ್ತೆಯನ್ನು ನಂಬಿದಳೆಂದಲ್ಲ.

ಆ ವಾರ ಅವಳು ಡಬ್ಬಿಯನ್ನು ಹೊಸದಾಗಿ ಕಟ್ಟಿದಳು. ಜಾಳಿಗೆಯ ಮುಖ ಇದ್ದ ಹಾಗೆಯೇ ಇತ್ತು. ಅದರ ಹಿಂದೆ ಈಗ ಬರೀ ಅರಳೆ. ಕೊನೆಯ ಬಿಲ್ಲೆಯನ್ನು ಡಬ್ಬಿಯ ಹಿಂಬದಿಯಲ್ಲಿ, ಮೊಳೆಯಿಂದ ಕೊರೆದ ಐದು ತೂತುಗಳ ಒಳಗೆ ಕೂಡಿಸಿದಳು. ಮುಖಕ್ಕೆ ಎಷ್ಟು ವಿಭೂತಿ ಬಳಿದರೂ ಕಿವಿಗೆ ತಾಗಬಾರದು. ಆದರೆ ಮುದುಕಿಯ ಕೈ ಹಿಂದಕ್ಕೂ ಹೋದರೆ, ನೀರು ಸುತ್ತಲೂ ಚಿಮುಕಿದರೆ, ಅಲ್ಲಿಗೆ ಮುಗಿಯಿತು. ಸೋಮವಾರ ಬೆಳಿಗ್ಗೆ ಡಬ್ಬಿಯನ್ನು ಕೋಟಿನ ಕಿಸೆಯಲ್ಲಿ ಹಾಕಿಕೊಂಡು ನಳಕ್ಕೆ ಹೋಗಿಬಿಡಿ ಎಂದು ನಾನು ಬೇಡಿಕೊಂಡೆ. "ನೋಡೂಣು" ಎಂದಳು.

ಆ ಸೋಮವಾರ ಸಂಜೆ ಗೋವಿಂದಪ್ಪ ಮುಂಜಾಗ್ರತೆಗೆಂದು ಖಾದರಬಾಷಾನನ್ನು ಅವನ ಮೈಕಿನೊಡನೆ ಕರೆಸಿ ಕೂಡಿಸಿದ್ದ. ಎಂಟು ಜನ ಡಬ್ಬಿಯ ಮುಖಕ್ಕೆ ಮುಖ ಕೊಟ್ಟು ಹಾಡಿದರು. ಒಂದು ಚಟ್ ಇಲ್ಲ. ಖಾದರಬಾಷಾ ತನ್ನ ಪೆಟ್ಟಿಗೆ ತೆರೆಯಲೇ ಇಲ್ಲ. ಎಲ್ಲರೂ ಎದ್ದ ಮೇಲೆ ಡಬ್ಬಿಯನ್ನು ಎತ್ತಿ, ಹಿಂದುಮುಂದು ತಿರುಗಿಸಿ, ಅಡಿಗೆಮನೆಯ ಬಾಗಿಲಿಗೆ ಬಂದು ಮೆಲ್ಲಗೆ ಕೇಳಿದ:

"ತಂಗೀ, ಇದರ ಕಿವಿ ಬೆನ್ನಾಗ ಐತಲ್ಲಾ. ಇವರು ಅತ್ತಾಗ ಹಾಡಾಕತ್ತಿದ್ರು."

"ಹಾಡಲಿ ಬಿಡಣ್ಣಾ. ಕೇಳತೈತಿ ಹೌದಲ್ಲೋ?"

ಅವನು ಬಾಯಿಗೆ ಟವೆಲು ಹಿಡಿದು ನಕ್ಕ. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಎಂಟು ಹೆಸರು ಅಚ್ಚಾದವು, ತಬಲಾದವನ ಊರಿನ ಸಮೇತ; ಇಂದ್ರವ್ವನದು ಇರಲಿಲ್ಲ. ಮೀಟರು, ಕೋಟು, ಡಬ್ಬಿ ಮನೆಯಲ್ಲಿ ಉಳಿದವು.

ಸಂಶಯ ಹೆಂಗಸಿನ ಹುಟ್ಟುಗುಣವೆಂದು ನಮ್ಮಲ್ಲಿ ಗಾದೆಯಂತೆ ಆಡುತ್ತಾರೆ. ಉಪ್ಪು ಹೆಚ್ಚಾದರೆ, ಹಾಲು ಒಡೆದರೆ, ಕಂಡಿಕೆಯ ನೂಲು ಹರಿದರೆ, ಮೈಕು ಕೆಟ್ಟರೆ ತಪ್ಪು ತನ್ನ ತಲೆಗೇ ಬರುವುದೆಂದು ತಿಳಿದು ಬದುಕುವವರು ಯಾವುದನ್ನು ತಾನೆ ನೋಡದೆ ಬಿಟ್ಟಾರು? ಅಂಥವರು ಪ್ರೀತಿಯನ್ನೂ ಒಮ್ಮೆ ಮೀಟರಿಗೆ ಹಿಡಿಯುತ್ತಾರೆ. ಅದು ಅವರ ಕ್ರೌರ್ಯವೆಂದು ನಾನು ಇನ್ನು ಬರೆಯಲಾರೆ. ಅವರೂ ನಂಬುವುದುಂಟು. ಆದರೆ ನೋಡಲು ಬಾರದ್ದಕ್ಕೆ ನಂಬುವುದಿಲ್ಲ, ನೋಡಬಹುದಾದದ್ದನ್ನು ಬೇಕೆಂದೇ ನೋಡದೆ ಬಿಟ್ಟು ನಂಬುತ್ತಾರೆ.

ಆ ಸೋಮವಾರದ ನಸುಕಿನಲ್ಲಿ ಏನು ಮಾಡಿದಿರೆಂದು ನಾನು ಎಷ್ಟೋ ದಿನಗಳ ಮೇಲೆ ಕೇಳಿದೆ. ಕೊನೆಯ ಬಿಲ್ಲೆಯ ಡಬ್ಬಿಯನ್ನು ಕಿಸೆಗೆ ಹಾಕದೆ ಗೂಡಿನಲ್ಲಿಯೇ ಇಟ್ಟಿದ್ದಳು. ಟೇಪಿನ ಕೆಂಪು ದೀಪ ಕಾಣದಂತೆ ಅದರ ಮೇಲೆ ಕರಿಯ ಪಟ್ಟಿ ಅಂಟಿಸಿದ್ದಳು. ದೀಪ ಕಾಣದಾಗಲೂ ಅತ್ತೆ ಹಾಗೆಯೇ ಅನ್ನುತ್ತಾಳೋ ಇಲ್ಲವೋ, ಅವಳ ಮಾತು ಖರೆಯೋ ಸುಳ್ಳೋ ಅಂದು ತೀರ್ಮಾನವಾಗಿಯೇ ಬಿಡುತ್ತಿತ್ತು. ಮನೆಯೆಲ್ಲ ಮಲಗಿತ್ತು. ರೆಕಾರ್ಡ್ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದಳಂತೆ.

"ಒತ್ತಲಿಲ್ರಿ," ಎಂದಳು.