ಚಂದ್ರಿಯ ಹೆಸರು ಪಟ್ಟಿಯಲ್ಲಿ

ಮೇ ತಿಂಗಳ ಸುಡುಬಿಸಿಲಲ್ಲಿ ನಮ್ಮ ಘತ್ತರಗಿಗೆ ಸೈನ್ಯ ಬಂತು. ಲಾರಿಯಲ್ಲಿ ರಬ್ಬರ್ ದೋಣಿ, ಐನೂರು ಮರಳಿನ ಚೀಲ. ಭೀಮಾ ನದಿಯಲ್ಲಿ ಮಾತ್ರ ಕಾಲು ತೊಳೆಯುವಷ್ಟೂ ನೀರಿರಲಿಲ್ಲ.

ಮೇಜರ್ ಅಮರನಾಥ ಕಟ್ಟೆಯ ಮೇಲೆ ನಕ್ಷೆ ಹರಡಿದರು.

"ಈಗ ಮಳೆ ಯಾವಾಗ, ಎಷ್ಟು ಅಂತ ಹೇಳೋಕಾಗಲ್ಲ. ಪ್ರತಿ ವರ್ಷ ಅರ್ಧ ಪಡೆ ನೆರೆಗೆ ಓಡಿದರೆ ಗಡಿ ಕಾಯೋರು ಯಾರು? ಕಮ್ಮಿ ಜನರಲ್ಲೇ ಬೇಗ ಕೆಲಸ ಮುಗಿಸೋಕೆ ಈ ತಾಲೀಮು. ಊರು ಮುಳುಗಿದೆ ಅಂತ ತಿಳ್ಕೊಳ್ಳಿ. ಹತ್ತೇ ನಿಮಿಷದಲ್ಲಿ ಎಲ್ಲರನ್ನೂ ಸಾಗಿಸ್ತೇವೆ."

ತಿಳಿದುಕೊಳ್ಳುವುದರಲ್ಲಿ ನಮ್ಮೂರವರು ಯಾರಿಗೂ ಕಮ್ಮಿಯಿಲ್ಲ. ಒಣ ಓಣಿಯಲ್ಲಿ ಧೋತರ ಮೊಣಕಾಲಿಗೆತ್ತಿ ನಡೆದರು. ಎಂಟು ಜವಾನರು ದೋಣಿಯನ್ನು ಹೆಗಲ ಮೇಲೆ ಹೊತ್ತು ಶಾರದಾಬಾಯಿಯ ಮನೆಗೆ ಬಂದರು. ಮಾಳಿಗೆ ಮೇಲೆ ಸಿಕ್ಕಿಬಿದ್ದ ಸಂತ್ರಸ್ತೆಯ ಪಾತ್ರ ಆಕೆಯದು.

ಮೇಲೆ ಶಾರದಾಬಾಯಿ ನಿಂತಿದ್ದಳು. ಪಕ್ಕದಲ್ಲಿ ಅವಳ ಎಮ್ಮೆ ಚಂದ್ರಿ ಮೆಲುಕು ಹಾಕುತ್ತಿತ್ತು.

"ಎಮ್ಮೆ ಯಾಕೆ ಮೇಲಿದೆ?" ಎಂದರು ಮೇಜರ್.

"ಹೋದ ಸಲ ಹೊಳಿ ಬಂದಾಗ ನನ್ನೊಬ್ಬಾಕಿನ್ನ ದೋಣ್ಯಾಗ ಕುಂದ್ರಿಸಿಕೊಂಡು ಹೋದ್ರು. ಇದರ ಅವ್ವ ಗೂಟಕ್ಕ ಕಟ್ಟಿದಂಗೇ ಮುಳುಗಿ ಸತ್ತಳ್ರಿ. ಪಟ್ಟಿಯಾಗ ಆಕಿ ಹೆಸರಿರಲಿಲ್ಲಂತ. ಈ ಸಲ ಚಂದ್ರಿ ಹೆಸರು ಬರೀರಿ. ಅಲ್ಲೀತನಕ ನಾ ಇಳಿಯಂಗಿಲ್ಲ."

ಆ ಎಮ್ಮೆಯ ಹೆಣ ಎತ್ತಿದವರಲ್ಲಿ ನಾನೂ ಒಬ್ಬ. ಮೂರು ದಿನ ಶಾರದಾಬಾಯಿ ಅನ್ನ ಮುಟ್ಟಿರಲಿಲ್ಲ.

"ಮೊದಲು ಅದನ್ನ ಇಳಿಸಿ, ಆಮೇಲೆ ನೋಡೋಣ," ಎಂದರು ಮೇಜರ್ ಜವಾನರಿಗೆ.

ನೆರೆಮನೆಯ ಮಲಂಗಸಾಬ ನಕ್ಕ. "ಎಮ್ಮಿ ಮೆಟ್ಲ ಏರ್ತದ್ರಿ ಸಾಬ್, ಇಳಿಯಂಗಿಲ್ಲ."

ಹೌದು. ನೀರು ಸುಳ್ಳು, ಎಮ್ಮೆ ಖರೆ. ನಾಲ್ವರು ದೂಡಿದರು, ನಾಲ್ವರು ಎಳೆದರು. ಚಂದ್ರಿ ಒಬ್ಬ ಜವಾನನ ಟೋಪಿ ತಿಂದಿತು. ಕೊನೆಗೆ ಮಲಂಗಸಾಬನ ಮಾತು ಕೇಳಿ ಐನೂರೂ ಚೀಲ ಮಾಳಿಗೆಯಿಂದ ನೆಲದವರೆಗೆ ಇಳಿಜಾರಾಗಿ ಒಟ್ಟಿದರು. ನಾಲ್ಕು ತಾಸು ಹಿಡಿಯಿತು. ಚಂದ್ರಿ ಉದ್ಘಾಟನೆಗೆ ಬಂದ ಮುಖ್ಯ ಅತಿಥಿಯಂತೆ ಗಂಭೀರವಾಗಿ ಇಳಿದು ಬಂತು.

ಚಪ್ಪಾಳೆಯೋ ಚಪ್ಪಾಳೆ. ಚಹಾ ಆಯಿತು, ಚಂದ್ರಿಯ ಜೊತೆ ಫೋಟೋ ಆಯಿತು. ದೋಣಿಯ ಗಾಳಿ ಬಿಟ್ಟು ಮಡಿಚಿ ಲಾರಿಗೆ ಹಾಕಿದರು.

"ಸಾಹೇಬ್ರ! ನಾ ಇನ್ನೂ ಮುಳುಗಾಕತ್ತೇನ್ರಿ!"

ಎಲ್ಲರೂ ಮೇಲೆ ನೋಡಿದೆವು. ಊರಿಗೆ ಊರೇ ಆಕೆಯನ್ನು ಮರೆತಿತ್ತು. ನನಗಂತೂ ನಾಚಿಕೆಯಾಯಿತು.

ಮೇಜರ್ ಪಟ್ಟಿ ತೆಗೆದರು. ಶಾರದಾಬಾಯಿಯ ಹೆಸರಿನ ಕೆಳಗೆ 'ಚಂದ್ರಿ' ಎಂದು ಬರೆದು ಎತ್ತಿ ತೋರಿಸಿದರು. ಆಕೆಗೆ ಓದಲು ಬಾರದು. ಮಲಂಗಸಾಬ ಗಟ್ಟಿಯಾಗಿ ಓದಿ ಹೇಳಿದ.

ಶಾರದಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇನ್ನಾದರೂ ಇಳಿದು ಬನ್ನಿ ಅಮ್ಮಾ."

"ಹ್ಯಾಂಗ ಬರ್ಲಿ? ಕೆಳಗ ನೀರದ. ದೋಣಿ ತರ್ರಿ."

ಜವಾನರು ಲಾರಿಯಿಂದ ದೋಣಿ ಇಳಿಸಿ ಮತ್ತೆ ಗಾಳಿ ಹೊಡೆಯತೊಡಗಿದರು.